ಕ್ಷಿಪಣಿ ಪರೀಕ್ಷೆ: ಕ್ಯಾಮೆರಾ ಕಂಡದ್ದನ್ನು ಓದುವುದೇ ಕಷ್ಟದ ಕೆಲಸ

ಬೆಂಗಳೂರಿನ ಎಡಿಇ ಪ್ರಯೋಗಾಲಯ ರೂಪಿಸಿದ ನಿರ್ಭಯ್ ಕ್ಷಿಪಣಿ 2013ರ ಮಾರ್ಚ್ 12ರಂದು ಒಡಿಶಾದ ಚಂಡೀಪುರದಿಂದ ಮೊದಲ ಬಾರಿಗೆ ಹಾರಿ, ನಿಗದಿತ ಪಥದಿಂದ ಸರಿಯಿತು. ಹಾರಾಟವನ್ನು ನಡುವೆಯೇ ಕೊನೆಗೊಳಿಸಲಾಯಿತು. ಯಶಸ್ಸು ಕಂಡದ್ದು 2014ರ ಅಕ್ಟೋಬರ್ 17ರ ಪರೀಕ್ಷೆಯಲ್ಲಿ. ಈ 19 ತಿಂಗಳ ಅಂತರಕ್ಕೆ ಕಾರಣಗಳು ಹಲವಿರಬಹುದು. ಆದರೆ ತಪ್ಪು ಎಲ್ಲಾಯಿತೆಂದು ತಿಳಿಯದೆ ತಿದ್ದುವ ಕೆಲಸ ಆರಂಭವಾಗದು.

ಅದನ್ನು ತಿಳಿಸುವ ಸಾಕ್ಷಿಗಳು ಮೂರು. ಟೆಲಿಮೆಟ್ರಿ ಎಂದರೆ ಕ್ಷಿಪಣಿ ತನ್ನ ಬಗ್ಗೆ ತಾನೇ ಹೇಳುವ ಮಾತು. ರಾಡಾರ್ ಮತ್ತು ಕ್ಯಾಮೆರಾ ಹೊರಗಿನಿಂದ ನೋಡುವ ಕಣ್ಣುಗಳು. ಹಿಂದೆ ಈ ಕ್ಯಾಮೆರಾಗಳಲ್ಲಿ ಫಿಲ್ಮ್ ಇರುತ್ತಿತ್ತು. ಅದನ್ನು ತೊಳೆದು, ಒಂದೊಂದೇ ಚಿತ್ರದಲ್ಲಿ ಕೋನ ಓದಿ ಲೆಕ್ಕ ಮುಗಿಸಲು ದಿನಗಳೇ ಹಿಡಿಯುತ್ತಿದ್ದವು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಗುರಿಯನ್ನು ಗುರುತಿಸುವ ಕೆಲಸವನ್ನು ಗಣಕಯಂತ್ರವೇ ಮಾಡಬಲ್ಲದು.

ಲೆಕ್ಕದ ತತ್ತ್ವ ಸರಳ. ಪುತ್ತೂರಿನ ಬೀರಮಲೆಯಲ್ಲಿ ಒಬ್ಬರು, ದೂರದ ಇನ್ನೊಂದು ಗುಡ್ಡದಲ್ಲಿ ಮತ್ತೊಬ್ಬರು ನಿಂತು ಒಂದೇ ವಿಮಾನದ ದಿಕ್ಕು ಮತ್ತು ಎತ್ತರದ ಕೋನಗಳನ್ನು ಒಂದೇ ಕ್ಷಣದಲ್ಲಿ ಅಳೆದರೆ, ಎರಡು ದೃಷ್ಟಿರೇಖೆಗಳು ಸಂಧಿಸುವಲ್ಲಿ ವಿಮಾನವಿರುತ್ತದೆ. ತೊಡಕಿರುವುದು ಆ 'ಒಂದೇ ಕ್ಷಣ'ದಲ್ಲಿ. ಸೆಕೆಂಡಿಗೆ 200 ಮೀಟರ್ ಸಾಗುವ ಕ್ಷಿಪಣಿ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ 2 ಮೀಟರ್ ಮುಂದೆ ಹೋಗಿರುತ್ತದೆ. ಕೋನದಲ್ಲಿ 10 ಸೆಕೆಂಡಿನಷ್ಟು, ಅಂದರೆ ಒಂದು ಡಿಗ್ರಿಯ 360ನೆಯ ಒಂದು ಭಾಗದಷ್ಟು ತಪ್ಪಿದರೂ 20 ಕಿಲೋಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ವ್ಯತ್ಯಾಸವಾಗುತ್ತದೆ. ಉಪಕರಣದ ಓರೆ, ಗಾಳಿಯಲ್ಲಿ ಬೆಳಕಿನ ಬಾಗುವಿಕೆ ಇವೆಲ್ಲವನ್ನೂ ಸರಿಪಡಿಸಬೇಕು. ಅದಕ್ಕಾಗಿ ಸ್ಥಾನ ಖಚಿತವಾಗಿ ಗೊತ್ತಿರುವ ನಕ್ಷತ್ರಗಳತ್ತ ಕ್ಯಾಮೆರಾ ತಿರುಗಿಸಿ ನೋಡುವ ಕ್ರಮವಿದೆ. ಮೋಡ ಕವಿದರೆ ಮಾತ್ರ ಉಪಾಯವಿಲ್ಲ. ಮಳೆಗಾಲದಲ್ಲಿ ಕುಮಾರಪರ್ವತವೇ ಮಾಯವಾಗುವುದನ್ನು ಕಂಡ ಸುಳ್ಯ, ಕಡಬದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವೇಗ ಬೇಕಾಗಿರುವುದು ವಿನ್ಯಾಸಕಾರರಿಗೆ ಮಾತ್ರವಲ್ಲ. ದಾರಿ ತಪ್ಪಿದ ಕ್ಷಿಪಣಿಯನ್ನು ನಾಶಪಡಿಸಬೇಕೇ ಎಂಬ ತೀರ್ಮಾನ ಸೆಕೆಂಡುಗಳಲ್ಲಿ ಆಗಬೇಕು. 2024ರ ಜುಲೈನಲ್ಲಿ ನಡೆದ ಒಂದು ಪರೀಕ್ಷೆಗಾಗಿ ಚಂಡೀಪುರದ ಸುತ್ತಲಿನ ಹಳ್ಳಿಗಳ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ತಾತ್ಕಾಲಿಕವಾಗಿ ತೆರವುಗೊಳಿಸಲಾಗಿತ್ತು.

ಆದರೆ ಸುರಕ್ಷತಾ ಅಧಿಕಾರಿಗೆ ಸಾಲುವ ತಕ್ಷಣದ ಅಂದಾಜು, ವಿನ್ಯಾಸ ತಿದ್ದುವವರಿಗೆ ಸಾಲದು. ಚಿತ್ರ ಓದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಸಮಯ ಉಳಿಸಬಹುದೇ ಹೊರತು, ತಿದ್ದುಪಡಿಯ ಹಂತವನ್ನು ಬಿಟ್ಟು ಉಳಿಸುವುದು ಸಲ್ಲದು. ಎಡಿಇ ರೂಪಿಸಿದ ದೂರಗಾಮಿ ಕ್ರೂಸ್ ಕ್ಷಿಪಣಿಯ ಮೊದಲ ಹಾರಾಟ 2024ರ ನವೆಂಬರ್ 12ರಂದು ಯಶಸ್ವಿಯಾದಾಗಲೂ ರಾಡಾರ್, ಟೆಲಿಮೆಟ್ರಿಗಳ ಜೊತೆಗೆ ಇಂಥ ಕ್ಯಾಮೆರಾಗಳನ್ನು ಹಾರಾಟದ ದಾರಿಯುದ್ದಕ್ಕೂ ಹಲವೆಡೆ ನಿಲ್ಲಿಸಲಾಗಿತ್ತು.