ತೃಪ್ತಿಯ ಪಾಠ ಯಾರಿಗೆ?

ಫಿಲಿಪ್ಪಿಯ ಸಭೆಗೆ ಪೌಲ ಬರೆದ ಪತ್ರವನ್ನು ಓದಿ, ಇದ್ದುದರಲ್ಲೇ ಸಂತುಷ್ಟರಾಗಿರಿ ಎಂದು ಪ್ರಸಂಗ ಮಾಡುವಾಗ ನಮ್ಮ ಕಣ್ಣು ಎತ್ತ ಹೊರಳುತ್ತದೆ? ಹಿಂದಿನ ಬೆಂಚಿನತ್ತ. ಬೀಡಿ ಕಟ್ಟಿ ಸಂಸಾರ ತೂಗಿಸುವವಳತ್ತ, ಬೋಟಿನಲ್ಲಿ ಕೂಲಿಗೆ ಹೋಗುವವನತ್ತ. ಮುಂದಿನ ಬೆಂಚಿನವರು ಆರಾಮವಾಗಿ ತಲೆದೂಗುತ್ತಾರೆ.

ಸಹೋದರರೇ, ಇದು ಪೌಲನಿಗೂ ಬಡವರಿಗೂ ಮಾಡುವ ಅನ್ಯಾಯ. ಅವನು ಬರೆದದ್ದು ಸೆರೆಯಲ್ಲಿದ್ದುಕೊಂಡು, ತನ್ನ ಕಷ್ಟಕ್ಕೆ ಒದಗಿದವರಿಗೆ. ಕೊರತೆಯನ್ನು ಸಹಿಸುವುದನ್ನು ಕಲಿತಂತೆಯೇ ಸಮೃದ್ಧಿಯಲ್ಲಿ ಬಾಳುವುದನ್ನೂ ಅವನು ಕಲಿಯಬೇಕಾಯಿತು. ಈ ಎರಡನೆಯ ಪಾಠವನ್ನು ನಾವು ಜಾಣತನದಿಂದ ಹಾರಿಸಿಬಿಡುತ್ತೇವೆ! ಇನ್ನೊಂದು ಸಂಗತಿ: ಕ್ರಿಸ್ತನೇ ತನ್ನ ಬಲವೆಂದು ನಂಬಿದ ಆ ಮನುಷ್ಯ ಫಿಲಿಪ್ಪಿಯವರ ನೆರವನ್ನು ಬೇಡವೆನ್ನಲಿಲ್ಲ. ಅದನ್ನು ಹೊತ್ತು ತಂದ ಎಪಫ್ರೊದೀತ ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋಗಿಬಂದ. ಪೌಲನ ತೃಪ್ತಿಯ ಹಿಂದೆ ಬೇರೆಯವರ ಬೆವರೂ ಇತ್ತು. ಬೆತ್ತಲೆ ನಿಂತವನಿಗೆ ಬಟ್ಟೆ ಕೊಡದೆ ಶುಭ ಹಾರೈಸಿ ಕಳಿಸುವವರನ್ನು ಯಾಕೋಬನ ಪತ್ರ ಎಷ್ಟು ಖಾರವಾಗಿ ಕೇಳುತ್ತದೆಂದು ಗೊತ್ತಲ್ಲ?

ಇದ್ದುದರಲ್ಲೇ ಸಂತೋಷಪಡುವುದು ನಮಗೆ ಗೊತ್ತಿಲ್ಲದ್ದೇನಲ್ಲ; ಕರಾವಳಿಯ ಕಥೋಲಿಕರ ಮೊಂತಿ ಫೆಸ್ತನ್ನು ನೋಡಿ. ಸೆಪ್ಟೆಂಬರ್ 8ರಂದು ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಬಂಗಲೆಗೂ ಹಂಚಿನ ಮನೆಗೂ ಅದೇ ತೆನೆ. ಮನೆಯವರೆಲ್ಲ ಸೇರಿ ಹೊಸ ಅಕ್ಕಿಯ ಕಾಳು ತಿಂದು, ಸಸ್ಯಾಹಾರದ ಊಟ ಮಾಡುತ್ತಾರೆ. ಕುಟುಂಬದ ಹಬ್ಬವೆಂದರೆ ಇಷ್ಟೇ ಸಾಕು. ಆದರೆ ಅದೇ ಮನೆಗಳಲ್ಲಿ ಮದುವೆ ಬಂದರೆ? ತೆಂಗಿನ ಹಾಲು ಹಚ್ಚಿ ಹರಸುವ ರೋಸ್ ಶಾಸ್ತ್ರಕ್ಕೇ ಒಂದು ಹಾಲ್, ಮರುದಿನ ಇನ್ನೂ ದೊಡ್ಡ ಹಾಲ್, ಬ್ಯಾಂಡು, ಮದ್ಯ, ನೂರೆಂಟು ಬಗೆಯ ಊಟ. ಉಳ್ಳವರು ಮಾಡಿದ್ದು ಊರಿಗೆ ಅಳತೆಗೋಲಾಗುತ್ತದೆ. ಅದಕ್ಕೆ ಸರಿಗಟ್ಟಲು ಇಲ್ಲದವರು ಬಡ್ಡಿಗೆ ಸಾಲ ತರುತ್ತಾರೆ. ಆಮೇಲೆ ಅವರಿಗೇ ನಾವು ಸರಳತೆಯ ಉಪದೇಶ ಮಾಡುತ್ತೇವೆ! (ಪ್ರೊಟೆಸ್ಟೆಂಟರು ನಗಬೇಕಾಗಿಲ್ಲ, ನಮ್ಮ ಆಮಂತ್ರಣ ಪತ್ರಿಕೆಗಳೂ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ.)

ದಿನದ ರೊಟ್ಟಿಯನ್ನಷ್ಟೇ ಬೇಡಲು ಯೇಸು ಕಲಿಸಿದ. ನಾಳೆಗೆಂದು ಕೂಡಿಟ್ಟ ಮನ್ನ ಹುಳ ಹಿಡಿಯಿತೆಂದು ನಮ್ಮ ಮಕ್ಕಳಿಗೂ ಗೊತ್ತು. ದೇವರು ತನ್ನನ್ನು ಕೈಬಿಡುವುದಿಲ್ಲವೆಂದು ನಂಬಿದವನು ನೆರೆಯವರ ಕಣ್ಣಿನಲ್ಲಿ ತನ್ನ ಬೆಲೆ ಹುಡುಕುವುದೇಕೆ? ಆ ನಂಬಿಕೆ ನಮ್ಮಲ್ಲಿ ನಿಜವಾಗಿಯೂ ಇದ್ದರೆ ಅದು ಕಾಣಬೇಕಾದದ್ದು ಖರ್ಚಿನ ಪಟ್ಟಿಯಲ್ಲಿ.

ಆದ್ದರಿಂದ ಉಳ್ಳವರೇ, ಈ ಕರೆ ನಿಮಗೆ. ಬಡವರು ಚಿಕ್ಕ ಮದುವೆ ಮಾಡಿದರೆ ಊರು ಆಡಿಕೊಳ್ಳುತ್ತದೆ, ನೀವು ಮಾಡಿದರೆ ಅನುಸರಿಸುತ್ತದೆ. ಮಗಳ ಮದುವೆಗೆ ಹಾಲ್ ಬುಕ್ ಮಾಡುವ ಮೊದಲು ಇಗರ್ಜಿಯ ಅಂಗಳವನ್ನೇ ಕೇಳಿ. ಒಂದೇ ಬಗೆಯ ಊಟ ಬಡಿಸಿ, ಹಿಂದಿನ ಬೆಂಚಿನವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ. ಉಳಿದ ಹಣದಲ್ಲಿ ಅವರಲ್ಲೊಬ್ಬರ ಬಡ್ಡಿ ಸಾಲ ತೀರಿಸಿ, ಹೆಸರು ಹೇಳಬೇಡಿ.