ಪಶುವೈದ್ಯರ ಕೈಸೇರುವ ಹಣವೂ ಬಯಲಿಗೆ ಬರಲಿ

ಔಷಧ ಕಂಪನಿಗಳು ವೈದ್ಯರಿಗೆ ಕೊಡುವ ಸಲಹಾ ಶುಲ್ಕ, ಭಾಷಣದ ಸಂಭಾವನೆ, ಊಟದ ಖರ್ಚನ್ನೂ ಅಮೆರಿಕದಲ್ಲಿ ಯಾರು ಬೇಕಾದರೂ ಸರ್ಕಾರಿ ಜಾಲತಾಣದಲ್ಲಿ ನೋಡಬಹುದು. 2010ರ ಸನ್‌ಶೈನ್ ಕಾಯ್ದೆ ತಂದ ವ್ಯವಸ್ಥೆ ಅದು. ಪಶುವೈದ್ಯರು ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ನಾಯಿಗೆ ಕ್ಯಾನ್ಸರ್ ಎಂದು ಕೇಳಿ ಕಂಗಾಲಾದವರು ಸಾವಿರಾರು ಡಾಲರ್ ಕಟ್ಟುವಾಗ, ಆ ಔಷಧ ಬರೆದುಕೊಟ್ಟ ತಜ್ಞರಿಗೆ ಕಂಪನಿಯಿಂದ ಏನಾದರೂ ಸಂದಿದೆಯೇ ಎಂದು ತಿಳಿಯಲು ಅಂಥ ದಾರಿಯೇ ಇಲ್ಲ. ಇದು ಅನ್ಯಾಯ.

ನಾಯಿಗಳ ಬಾಯಿಯ ಮೆಲನೋಮಾ ಎಂಬ ಕ್ಯಾನ್ಸರಿಗೆ ಕೊಡುವ ಆನ್‌ಸೆಪ್ಟ್ ಲಸಿಕೆಯನ್ನೇ ನೋಡಿ. ಮೆರಿಯಲ್ ಕಂಪನಿ, ನ್ಯೂಯಾರ್ಕಿನ ಅನಿಮಲ್ ಮೆಡಿಕಲ್ ಸೆಂಟರ್ ಮತ್ತು ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರ ಸೇರಿ ರೂಪಿಸಿದ ಲಸಿಕೆ ಅದು. 2007ರಲ್ಲಿ ಷರತ್ತುಬದ್ಧ ಪರವಾನಗಿ ಸಿಕ್ಕಿತು, 2010ರಲ್ಲಿ ಪೂರ್ಣ ಪರವಾನಗಿ. ಅದರ ಪರಿಣಾಮ ಕುರಿತ ಮುಖ್ಯ ಪ್ರಬಂಧ 2011ರಲ್ಲಿ ಪ್ರಕಟವಾದಾಗ ಲೇಖಕರ ಸಾಲಿನಲ್ಲಿ ಕಂಪನಿಯ ನೌಕರರೂ ಇದ್ದರು. ಲಸಿಕೆ ಹಾಕಿದ 58 ನಾಯಿಗಳನ್ನು ಹೋಲಿಸಿದ್ದು ಹಿಂದೆಂದೋ ಚಿಕಿತ್ಸೆ ಪಡೆದ 53 ನಾಯಿಗಳ ಹಳೆಯ ದಾಖಲೆಗಳೊಂದಿಗೆ. ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಲಸಿಕೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದ ಪ್ರಯೋಗವಲ್ಲ. ಎರಡು ಗುಂಪಿಗೆ ಸಿಕ್ಕ ಆರೈಕೆಯೇ ಬೇರೆಯಾಗಿದ್ದರೆ ಹೆಚ್ಚಿದ ಆಯುಸ್ಸು ಲಸಿಕೆಯಿಂದಲೇ ಬಂತು ಎನ್ನುವುದು ಹೇಗೆ? 2013ರಲ್ಲಿ 45 ನಾಯಿಗಳ ದಾಖಲೆ ಪರಿಶೀಲಿಸಿದ ಮತ್ತೊಂದು ತಂಡಕ್ಕೆ, ಲಸಿಕೆ ಪಡೆದವಕ್ಕೂ ಪಡೆಯದವಕ್ಕೂ ಆಯುಸ್ಸಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ ಅಧ್ಯಯನವೂ ಚಿಕ್ಕದು, ಅದೇ ಕೊನೆಯ ಮಾತಲ್ಲ. ಆದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನ ಇವೆರಡೂ ಸಂಗತಿ ಗೊತ್ತಿರಬೇಕಾದದ್ದು ನಾಯಿ ಸಾಕಿದವರಿಗೆ.

ಪ್ರಬಂಧದಲ್ಲಿ ಎಲ್ಲ ಅಚ್ಚಾಗಿದೆಯಲ್ಲ, ಮುಚ್ಚಿಟ್ಟದ್ದೇನು ಎಂದು ಕೇಳುವವರಿದ್ದಾರೆ. ಪ್ರಬಂಧವನ್ನು ಓದುವವರು ಯಾರು? ಪೆಟ್‌ಡಿಎಕ್ಸ್ ಕಂಪನಿಯ, ನಾಯಿಗಳ ಕ್ಯಾನ್ಸರ್ ಪತ್ತೆಹಚ್ಚುವ ರಕ್ತಪರೀಕ್ಷೆ ಕುರಿತ 2022ರ ಅಧ್ಯಯನದಲ್ಲೂ ಕಂಪನಿಯ ನಂಟು ಅಚ್ಚಾಗಿತ್ತು. ಕ್ಯಾನ್ಸರ್ ಇದ್ದ ನಾಯಿಗಳಲ್ಲಿ ಆ ಪರೀಕ್ಷೆ ಪತ್ತೆಹಚ್ಚಿದ್ದು ಶೇ 54.7ರಷ್ಟನ್ನು ಮಾತ್ರ ಎಂಬುದೂ ಅಚ್ಚಾಗಿತ್ತು. ಹೆಚ್ಚುಕಡಿಮೆ ಅರ್ಧದಷ್ಟು ರೋಗ ತಪ್ಪಿಸಿಕೊಳ್ಳುತ್ತದೆ ಎಂಬಂಥ ಮಾತನ್ನು ರಕ್ತ ತೆಗೆಯುವ ಮೊದಲೇ, ಬಾಯಿಬಿಟ್ಟು ಹೇಳಬೇಕು. ಹೇಳುವವರಿಗೆ ಕಂಪನಿಯ ನಂಟಿದ್ದರೆ ಅದನ್ನೂ ಸೇರಿಸಿಯೇ.

ಕಂಪನಿಗಳ ಹಣ ಇಲ್ಲದಿದ್ದರೆ ಪ್ರಾಣಿಗಳ ಕ್ಯಾನ್ಸರ್ ಸಂಶೋಧನೆಯೇ ನಿಲ್ಲುತ್ತದೆ ಎಂಬ ವಾದದಲ್ಲಿ ಹುರುಳಿದೆ. ಹಣ ಬೇಡ ಎಂದು ನಾನೂ ಹೇಳುತ್ತಿಲ್ಲ. ಆದರೆ ಉಂಡ ಮನೆಯ ಜಂತೆ ಎಣಿಸಬಾರದು ಎನ್ನುವ ಲೋಕದಲ್ಲಿ, ಜಂತೆ ಎಣಿಸುವುದೇ ಸಂಶೋಧಕರ ಕೆಲಸ. ಉಂಡದ್ದು ಎಲ್ಲಿ ಎಂದು ತಿಳಿದರೆ ಅವರ ಎಣಿಕೆಯನ್ನು ಇನ್ನೊಬ್ಬರು ಪರೀಕ್ಷಿಸಬಹುದು. ಅವರೆಲ್ಲ ಅಪ್ರಾಮಾಣಿಕರು ಎಂದಲ್ಲ. ಆದರೆ ಕಂಪನಿ ಹಣ ಕೊಟ್ಟ ಅಧ್ಯಯನಗಳ ಫಲಿತಾಂಶ ಕಂಪನಿಯ ಕಡೆಗೇ ಹೆಚ್ಚು ವಾಲುತ್ತದೆ ಎಂಬುದನ್ನು ಮಾನವ ವೈದ್ಯಕೀಯದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ವಿಮರ್ಶೆಗಳು ತೋರಿಸಿವೆ.

ಬಹಿರಂಗ ದಾಖಲೆಯಿಂದ ಏನಾಗುತ್ತದೆ ಎನ್ನುವವರು 2018 ನೆನಪಿಸಿಕೊಳ್ಳಲಿ. ಸ್ಲೋನ್ ಕೆಟರಿಂಗ್‌ನ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಹೊಸೆ ಬಸೆಲ್ಗಾ, ಕಂಪನಿಗಳಿಂದ ಪಡೆದ ಲಕ್ಷಾಂತರ ಡಾಲರ್‌ಗಳನ್ನು ಹಲವು ಪ್ರಬಂಧಗಳಲ್ಲಿ ಹೇಳಿಕೊಂಡಿರಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಮತ್ತು ಪ್ರೊಪಬ್ಲಿಕಾ ಪತ್ರಕರ್ತರು ಅದನ್ನು ಬಯಲಿಗೆಳೆದರು, ಬಸೆಲ್ಗಾ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಆ ಪತ್ರಕರ್ತರಿಗೆ ನೆರವಾದದ್ದು ಇದೇ ಸರ್ಕಾರಿ ಪಟ್ಟಿ. ಅದೇ ಸಂಸ್ಥೆಯ ಪಾಲಿದ್ದ ನಾಯಿ ಲಸಿಕೆಯ ಬಗ್ಗೆ ಇಂಥ ತನಿಖೆಗೆ ಹೊರಟರೆ ತೆರೆದು ನೋಡಲು ಪಟ್ಟಿಯೇ ಇಲ್ಲ.

ನಾಯಿಗಳಲ್ಲಿ ಕಂಡ ಫಲವನ್ನು ಮನುಷ್ಯರ ಕ್ಯಾನ್ಸರ್ ಅರಿಯಲು ಬಳಸುವ ಕಾರ್ಯಕ್ರಮವನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2003ರಿಂದಲೇ ನಡೆಸುತ್ತಿದೆ. ಹಾಗಿರುವಾಗ ಪ್ರಾಣಿಗಳ ಸಂಶೋಧನೆಗೆ ಸಡಿಲ ನಿಯಮವೇಕೆ? ಅಮೆರಿಕದ ಸಂಸತ್ತು ಸನ್‌ಶೈನ್ ಕಾಯ್ದೆಗೆ ಪಶುವೈದ್ಯರನ್ನೂ ಸೇರಿಸಬೇಕು. ಅಲ್ಲಿಯವರೆಗೆ ಪಶು ಆಸ್ಪತ್ರೆಗಳು ಕಾಯಬೇಕಿಲ್ಲ; ಒಪ್ಪಿಗೆ ಪತ್ರದ ಮೊದಲ ಪುಟದಲ್ಲೇ, ಸಹಿ ಹಾಕುವ ಜಾಗಕ್ಕಿಂತ ಮೇಲೆ, ಕಂಪನಿಯ ಹೆಸರನ್ನೂ ಸಂದ ಮೊತ್ತವನ್ನೂ ಬರೆಯುವುದನ್ನು ನಾಳೆಯೇ ಶುರುಮಾಡಬಹುದು.