ಪೆಟ್ ಸ್ಕ್ಯಾನ್‌ಗಿಂತ ಮೊದಲು

ನಮ್ಮ ಕೊಡಗಿನ ಬಾಳೆಲೆ ಕಡೆ ಮಲದಲ್ಲಿ ರಕ್ತ ಕಂಡರೆ ಮನೆಯಲ್ಲೇ ತೀರ್ಪು: ಮೂಲವ್ಯಾಧಿ. ಒಂದಷ್ಟು ದಿನ ನಾಟಿ ಮದ್ದು, ಆಮೇಲೆ ಮುಲಾಮು, ಅದಾದ ಮೇಲೆ ‘ಕಾಫಿ ಕೊಯ್ಲು ಮುಗೀಲಿ’ ಎಂಬ ಸಬೂಬು. ಕೊನೆಗೆ ದೊಡ್ಡಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ಅದೇ ಮನೆಯವರು ‘ಎಷ್ಟಾದರೂ ಆಗಲಿ, ಪೆಟ್ ಸ್ಕ್ಯಾನ್ ಮಾಡಿಸಿಬಿಡಿ’ ಎನ್ನುತ್ತಾರೆ.

ಈ ಪೆಟ್ ಸ್ಕ್ಯಾನ್, ಅಂದರೆ ಪೆಟ್-ಸಿಟಿ, ಎರಡು ಯಂತ್ರಗಳ ಕೂಡಿಕೆ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಸಿಟಿ ತೋರಿಸಿದರೆ, ಅದು ಎಷ್ಟು ಸಕ್ಕರೆ ಕಬಳಿಸುತ್ತಿದೆ ಎಂಬುದನ್ನು ಪೆಟ್ ತೋರಿಸುತ್ತದೆ. ಡೇವಿಡ್ ಟೌನ್‌ಸೆಂಡ್ ಮತ್ತು ರೊನಾಲ್ಡ್ ನಟ್ ರೂಪಿಸಿದ ಮೊದಲ ಮಾದರಿ 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಶುರುಮಾಡಿತು. ರೋಗಿಗೆ ಚುಚ್ಚುವ ವಿಕಿರಣಶೀಲ ಸಕ್ಕರೆ, ಎಫ್‌ಡಿಜಿ, ಸುಮಾರು 110 ನಿಮಿಷಕ್ಕೆ ಅರ್ಧ ಕರಗುತ್ತದೆ. ಬಾಳೆಲೆಯಿಂದ ತಿತಿಮತಿ, ಹುಣಸೂರು ದಾಟಿ ಮೈಸೂರು ಸೇರುವಷ್ಟು ಹೊತ್ತಿನಲ್ಲೇ ಅರ್ಧ ಖಾಲಿ! (ರಸ್ತೆಗೆ ಆನೆ ಬಂದರೆ ಇನ್ನೂ ಕಡಿಮೆ.) ಹೀಗಾಗಿ ತಾಲ್ಲೂಕಿಗೊಂದು ಇಡುವ ಯಂತ್ರ ಇದಲ್ಲ.

ಇದು ಎಲ್ಲರಿಗೂ ಮೊದಲ ದಿನವೇ ಬೇಕಾಗುವುದೂ ಇಲ್ಲ. ಕೊಲೊನೊಸ್ಕೋಪಿ, ಬಯಾಪ್ಸಿ, ಸಿಟಿ, ಗುದನಾಳದ ಗಡ್ಡೆಯಾದರೆ ಎಂಆರ್‌ಐ; ಹೆಚ್ಚಿನವರ ಚಿಕಿತ್ಸೆ ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ರಕ್ತದಲ್ಲಿ ಸಿಇಎ ಎಂಬ ಕ್ಯಾನ್ಸರ್ ಸೂಚಕ ಏರುತ್ತಿದ್ದು ಸಿಟಿಯಲ್ಲಿ ಏನೂ ಕಾಣದಿದ್ದಾಗ, ಪೆಟ್-ಸಿಟಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಯಕೃತ್ತಿಗೆ ಹರಡಿದ ಗಡ್ಡೆಯನ್ನು ಕತ್ತರಿಸುವ ಮುನ್ನ ರೋಗ ಬೇರೆಲ್ಲೂ ಅಡಗಿಲ್ಲವೇ ಎಂದು ನೋಡಲಿಕ್ಕೂ ಬೇಕು. ಸ್ಕ್ಯಾನಿನಲ್ಲಿ ಇನ್ನೊಂದು ಜಾಗವೂ ಹೊಳೆದರೆ ದೊಡ್ಡ ಆಪರೇಶನ್ನಿನ ಯೋಜನೆಯೇ ಬದಲಾಗಬಹುದು. ಆದರೂ ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಲೋಳೆ ತುಂಬಿದ ಗಡ್ಡೆ ಹೊಳೆಯದೆ ತಪ್ಪಿಸಿಕೊಳ್ಳುತ್ತದೆ, ಕ್ಷಯ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯವರ ಮೆಟ್‌ಫಾರ್ಮಿನ್ ಮಾತ್ರೆಯಂತೂ ಇಡೀ ಕರುಳನ್ನು ಬೆಳಗಿಸಿ ಗಡ್ಡೆಯನ್ನೇ ಮರೆಮಾಡಬಹುದು. ಅದನ್ನು ಯಾವಾಗ ನಿಲ್ಲಿಸಬೇಕೆಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಇಲ್ಲವಾದರೆ ಅಷ್ಟು ದೂರ ಹೋದದ್ದು ದಂಡ.

ಕೊಡಗಿಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಜಾಲತಾಣಗಳಲ್ಲಿ ಕೂಗೆದ್ದಿತ್ತು. ಬೇಡಿಕೆ ನ್ಯಾಯವಾದದ್ದೇ. ಆದರೆ ಪಟ್ಟಿ ಬರೆಯಲು ನನಗೆ ಹೇಳಿದರೆ ಮೊದಲ ಸಾಲಿನಲ್ಲಿ ಪೆಟ್-ಸಿಟಿ ಇರುವುದಿಲ್ಲ. 30 ದಾಟಿದವರಿಗೆ ಸರಕಾರ ನಡೆಸುವ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಮೂರೇ, ಕರುಳನ್ನು ಕೇಳುವವರಿಲ್ಲ. ರಕ್ತ ಹೋಗುವವರಿಗೆ ಮಡಿಕೇರಿಯಲ್ಲೇ ಕಾಯಿಸದೆ ಕೊಲೊನೊಸ್ಕೋಪಿ ಸಿಗಲಿ. ಗ್ರಾಮಸಭೆಯಲ್ಲಿ ರಸ್ತೆ, ಆನೆ ಕಂದಕದ ಮಾತು ಮುಗಿದ ಮೇಲೆ ಯಾರಾದರೂ ಎದ್ದು ಇದನ್ನೂ ಬರೆಸಿ.